ಬಾದಾಮಿ ಕ್ರೋಸಾಂಟ್‌ನಿಂದ ಬಾದಾಮಿ ಕುಕಿಗೆ: ಐದು ಟ್ರೇಗಳ ಲೆಕ್ಕ

ಕ್ರೋಸಾಂಟ್ ಅಂದರೆ ಬೆಣ್ಣೆ ಇಟ್ಟು ಮಡಿಸಿ ಬೇಯಿಸಿದ, ಪದರ ಪದರವಾದ ಬೇಕರಿ ತಿಂಡಿ. ಬಾದಾಮಿ ಕ್ರೋಸಾಂಟ್ ಹುಟ್ಟಿದ್ದೇ ಉಳಿಕೆಯಿಂದ. ಫ್ರಾನ್ಸಿನ ಬೇಕರಿಗಳಲ್ಲಿ ಹಿಂದಿನ ದಿನ ಖರ್ಚಾಗದ ಕ್ರೋಸಾಂಟ್‌ಗಳನ್ನು ಅಡ್ಡಕ್ಕೆ ಸೀಳಿ, ಸಕ್ಕರೆ ಪಾಕದಲ್ಲಿ ನೆನೆಸಿ, ನಡುವೆ ಬಾದಾಮಿ ಕ್ರೀಮ್ ತುಂಬುತ್ತಾರೆ. ಮೇಲೂ ಸ್ವಲ್ಪ ಕ್ರೀಮ್ ಬಳಿದು, ತೆಳ್ಳಗೆ ಹೆಚ್ಚಿದ ಬಾದಾಮಿ ಅಂಟಿಸಿ, ಎರಡನೇ ಸಲ ಓವನ್ನಿಗೆ ಇಡುತ್ತಾರೆ. ಹೊರಗೆ ಬಂದ ಮೇಲೆ ಪುಡಿ ಸಕ್ಕರೆ ಉದುರಿಸುತ್ತಾರೆ. ಆಗಷ್ಟೇ ಬೆಂದ ತಾಜಾ ಕ್ರೋಸಾಂಟ್‌ಗೆ ಇದನ್ನೆಲ್ಲಾ ಮಾಡಿದರೆ ಅಷ್ಟು ಚೆನ್ನಾಗಿ ಬರುವುದಿಲ್ಲ. ಅದು ಪಾಕದಲ್ಲಿ ಮೆತ್ತಗಾಗಿ ಕುಸಿದುಬಿಡುತ್ತದೆ. ಒಂದು ದಿನ ಒಣಗಿದ್ದಕ್ಕೆ ಮಾತ್ರ ಪಾಕ ಕುಡಿದೂ ನಿಲ್ಲುವ ಶಕ್ತಿ ಇರುತ್ತದೆ.

ನನಗೆ ಅದರಲ್ಲಿ ಎಲ್ಲಕ್ಕಿಂತ ಇಷ್ಟ ಅಂಚು. ಕ್ರೀಮ್ ಹೊರಗೆ ಇಳಿದು ಟ್ರೇಗೆ ತಾಗಿ ಕಂದಾಗಿ, ಮುರಿದರೆ ಲಟಕ್ ಅನ್ನುವ ಆ ಜಾಗ. ಅದರ ಪಕ್ಕದಲ್ಲೇ ಒಳಗೆ ಒದ್ದೆ ಒದ್ದೆಯಾದ, ಬೆಣ್ಣೆಯಂಥ ಬಾದಾಮಿ. ಒಂದೇ ತುತ್ತಿನಲ್ಲಿ ಎರಡೂ ಬಾಯಿಗೆ ಸಿಗಬೇಕು.

ಕ್ರೋಸಾಂಟ್ ಮನೆಯಲ್ಲಿ ಮಾಡಬೇಕೆಂದರೆ ಬೆಣ್ಣೆ ಇಟ್ಟು ಮಡಿಸಿ, ತಣಿಸಿ, ಲಟ್ಟಿಸಿ, ಮತ್ತೆ ಮಡಿಸಿ ಎರಡು ದಿನ ಹಿಡಿಯುತ್ತದೆ. ಇದೇ ರುಚಿಯನ್ನು ಅರ್ಧ ದಿನದಲ್ಲಿ ಆಗುವ ಕುಕಿಯೊಳಗೆ ತರೋಣ ಅಂತ ಹೊರಟೆ. ಬಾದಾಮಿ ಹಾಕಿದ ಸಾದಾ ಕುಕಿ ನನಗೆ ಬೇಡ. ಒಳಗೆ ನಿಜವಾದ ಹೂರಣ ಇರಬೇಕು, ಕಚ್ಚಿದಾಗ ಅದು ಕಾಣಬೇಕು. ಐದು ಟ್ರೇ ಬೇಯಿಸಿದ ಮೇಲೆ ಹದ ಸಿಕ್ಕಿತು. ಪ್ರತಿ ಸಲ ಅರ್ಧ ಅಳತೆಯಲ್ಲಿ, ಟ್ರೇಗೆ 6 ಕುಕಿಯಂತೆ ಮಾಡಿದೆ. ಮೊಟ್ಟೆ ಅರ್ಧ ಮಾಡುವುದು ಹೇಗೆ ಅಂದರೆ, ಒಡೆದು ಚೆನ್ನಾಗಿ ಕಲಕಿ ತೂಕ ಹಾಕುವುದು. ಸಾಧಾರಣ ಗಾತ್ರದ ಮೊಟ್ಟೆ ಚಿಪ್ಪು ಬಿಟ್ಟು ಸುಮಾರು 50 ಗ್ರಾಂ ಬರುತ್ತದೆ. ಅಡುಗೆಮನೆ ತಕ್ಕಡಿ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ. ಕಪ್ಪು, ಚಮಚದ ಅಳತೆಯಲ್ಲಿ ಒಂದು ಸಲ ಬಂದ ಹದ ಇನ್ನೊಂದು ಸಲ ಬರುವುದಿಲ್ಲ.

ಮೊದಲು ಬಾದಾಮಿ

ಬಾದಾಮಿ ಪುಡಿಯನ್ನು ಸಿದ್ಧವಾಗಿಯೇ ಕೊಂಡುಕೊಳ್ಳಬಹುದು. ನಾನು ಮನೆಯಲ್ಲೇ ಮಾಡಿಕೊಂಡೆ. ಅದಕ್ಕೆ ಕಾರಣ ಇದೆ. ಬಾದಾಮಿಯಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಎಣ್ಣೆಯೇ. ಪುಡಿ ಮಾಡಿದ ಮೇಲೆ ಆ ಎಣ್ಣೆಗೆ ಗಾಳಿ ತಾಗುತ್ತದೆ, ದಿನ ಕಳೆದಂತೆ ಮುಗ್ಗಲು ವಾಸನೆ ಬರುತ್ತದೆ. ಈ ಕುಕಿಯಲ್ಲಿ ಬಚ್ಚಿಡಲು ಬೇರೆ ಯಾವ ರುಚಿಯೂ ಇಲ್ಲ. ಬಾದಾಮಿ ಹಳತಾಗಿದ್ದರೆ ಮೊದಲ ತುತ್ತಿಗೇ ತಿಳಿದುಬಿಡುತ್ತದೆ.

ಕುದಿಯುವ ನೀರಿಗೆ ಬಾದಾಮಿ ಹಾಕಿ ಒಂದೇ ನಿಮಿಷ. ಕೂಡಲೇ ಬಸಿದು ತಣ್ಣೀರಿಗೆ. ಆಮೇಲೆ ಒಂದೊಂದನ್ನೇ ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಅದುಮಿದರೆ, ಸಿಪ್ಪೆ ಕೈಯಲ್ಲಿ ಉಳಿದು ಬಿಳಿ ಬಾದಾಮಿ ಚಂಗನೆ ಹಾರುತ್ತದೆ. ಇನ್ನೊಂದು ಕೈ ಅಡ್ಡ ಇಟ್ಟುಕೊಳ್ಳಿ. 200 ಗ್ರಾಂ ಬಾದಾಮಿ ಸುಲಿಯಲು ಹತ್ತು ಹದಿನೈದು ನಿಮಿಷ ಸಾಕು. ಒಂದು ನಿಮಿಷಕ್ಕಿಂತ ಜಾಸ್ತಿ ಕುದಿಸಿದರೆ ಬಾದಾಮಿ ಒಳಗೆ ನೀರು ಕುಡಿಯುತ್ತದೆ, ಆಮೇಲೆ ಒಣಗಿಸಲು ದಿನಗಟ್ಟಲೆ ಬೇಕು.

ಒಣಗಿಸುವುದನ್ನು ಯಾರೂ ಹಗುರವಾಗಿ ನೋಡಬಾರದು. ಸುಲಿದ ಬಾದಾಮಿಯನ್ನು ಬಟ್ಟೆಯ ಮೇಲೆ ಹರಡಿ ಒಂದು ರಾತ್ರಿ ಬಿಟ್ಟೆ. ಬೆಳಿಗ್ಗೆ 100 ಡಿಗ್ರಿ ಓವನ್ನಿನಲ್ಲಿ 20 ನಿಮಿಷ ಇಟ್ಟು ಪೂರ್ತಿ ತಣ್ಣಗಾಗಲು ಬಿಟ್ಟೆ. ಪುಡಿ ಮಾಡುವಾಗ ಹೂರಣದ ಪಾಲಿನ ಸಕ್ಕರೆಯಲ್ಲಿ ಅರ್ಧವನ್ನು ಮಿಕ್ಸಿ ಜಾರಿಗೇ ಹಾಕಿದೆ. ಸಕ್ಕರೆ ಹರಳು ಬಾದಾಮಿಯ ಜೊತೆ ಸೇರಿ ಎಣ್ಣೆ ಬಿಡದಂತೆ ತಡೆಯುತ್ತದೆ. ಮಿಕ್ಸಿಯನ್ನು ಒಂದೇ ಸಮನೆ ಓಡಿಸದೆ ಎರಡೆರಡು ಸೆಕೆಂಡು ತಿರುಗಿಸಿ ನಿಲ್ಲಿಸಬೇಕು. ಬ್ಲೇಡಿನ ಬಿಸಿಗೆ ಎಣ್ಣೆ ಹೊರಬಿದ್ದರೆ ಪುಡಿಯ ಬದಲು ಬಾದಾಮಿ ಬೆಣ್ಣೆ ಕೈಗೆ ಬರುತ್ತದೆ. ಆಮೇಲೆ ಜರಡಿ ಹಿಡಿದೆ. ಮೇಲೆ ಉಳಿದ ತರಿಯನ್ನೂ ಬಿಸಾಡಲಿಲ್ಲ, ಹೂರಣಕ್ಕೇ ಸೇರಿಸಿದೆ. ಹಲ್ಲಿಗೆ ಅಲ್ಲೊಂದು ಇಲ್ಲೊಂದು ತರಿ ಸಿಗುವುದು ನನಗೆ ಇಷ್ಟ.

ಬಾದಾಮಿ ಪುಡಿಯನ್ನು ಹುರಿಯಬೇಕಾ ಬೇಡವಾ ಅಂತ ಎರಡು ಬಟ್ಟಲಲ್ಲಿ ಬೇರೆ ಬೇರೆ ಮಾಡಿ ನೋಡಿದೆ. ಹುರಿದದ್ದು ಬರೀ ತಿಂದಾಗ ಜೋರಾಗಿತ್ತು. ಆದರೆ ಕುಕಿಯಲ್ಲಿ ಹುರಿದ ರುಚಿ ಹೊರಗಿನ ಕಣಕದಿಂದಲೂ ಬರುತ್ತದೆ, ಮೇಲಿನ ಬಾದಾಮಿ ಚೂರಿನಿಂದಲೂ ಬರುತ್ತದೆ. ಒಳಗೂ ಅದೇ ಆದರೆ ಎಲ್ಲಾ ಒಂದೇ ರಾಗ. ಹುರಿಯದ ಬಾದಾಮಿಗೆ ಒಂದು ಹಾಲಿನಂಥ ಸಿಹಿ ಇದೆ. ಅದನ್ನು ಒಳಗೆ ಉಳಿಸಿಕೊಂಡೆ.

ಇನ್ನು ವಾಸನೆಯ ವಿಷಯ. ಬೇಕರಿ ತಿಂಡಿಯಲ್ಲಿ "ಬಾದಾಮಿ ವಾಸನೆ" ಅಂತ ನಾವು ಗುರುತಿಸುವುದು ನಾವು ದಿನಾ ತಿನ್ನುವ ಸಿಹಿ ಬಾದಾಮಿಯದ್ದಲ್ಲ. ಅದು ಕಹಿ ಬಾದಾಮಿಯದ್ದು. ಕಹಿ ಬಾದಾಮಿಯಲ್ಲಿ ಅಮಿಗ್ಡಾಲಿನ್ ಅನ್ನುವ ವಸ್ತು ಇದೆ. ಜಜ್ಜಿ ನೀರು ತಾಗಿದಾಗ ಅದು ಒಡೆದು ಬೆಂಜಾಲ್ಡಿಹೈಡ್ ಹೊರಬರುತ್ತದೆ. ಆ ಘಮ ಅದರದ್ದೇ. ಜೊತೆಗೆ ಸಯನೈಡ್ ವಿಷವೂ ಹುಟ್ಟುತ್ತದೆ. ಏಪ್ರಿಕಾಟ್ ಬೀಜದ ಒಳಗಿನ ತಿರುಳಿನಲ್ಲೂ ಇದೇ ಕಥೆ, ಎರಡೂ ಒಂದೇ ಕುಲದ ಮರಗಳು. ಹಾಗಾಗಿ ಮನೆಯಲ್ಲಿ ಕಹಿ ಬಾದಾಮಿಯನ್ನೋ ಏಪ್ರಿಕಾಟ್ ತಿರುಳನ್ನೋ ಅರೆದು ಹಾಕುವ ಸಾಹಸ ಬೇಡವೇ ಬೇಡ. ಬಾಟಲಿಯಲ್ಲಿ ಸಿಗುವ ಬಾದಾಮಿ ಎಸೆನ್ಸ್ ಸಾಕು. ಅದೂ 12 ಕುಕಿಗೆ ನಾಲ್ಕೇ ಹನಿ. ಆರು ಹನಿ ಹಾಕಿದ ದಿನ ಕುಕಿ ಸೋಪಿನ ಹಾಗೆ ನಾರುತ್ತಿತ್ತು.

ಮೊದಲ ಟ್ರೇ: ಹೂರಣ ಹೊರಗೆ, ಕುಕಿ ಟೊಳ್ಳು

ಬಾದಾಮಿ ಕ್ರೀಮಿನ ಹಳೆಯ ಲೆಕ್ಕ ತುಂಬಾ ಸುಲಭ. ಬೆಣ್ಣೆ, ಸಕ್ಕರೆ, ಬಾದಾಮಿ ಪುಡಿ, ಮೊಟ್ಟೆ, ನಾಲ್ಕೂ ಸಮತೂಕ. ಇದಕ್ಕೆ ಹಾಲು, ಮೊಟ್ಟೆಯ ಹಳದಿ ಕುದಿಸಿ ಮಾಡುವ ಪೇಸ್ಟ್ರಿ ಕ್ರೀಮ್ ಸೇರಿಸಿದರೆ ಅದು ಫ್ರಾಂಜಿಪಾನ್ ಆಗುತ್ತದೆ. ಈಗ ಎರಡಕ್ಕೂ ಫ್ರಾಂಜಿಪಾನ್ ಅಂತಲೇ ಹೇಳುವವರಿದ್ದಾರೆ. ಕುಕಿಗೆ ಸಾದಾ ಬಾದಾಮಿ ಕ್ರೀಮೇ ಸರಿ. ಪೇಸ್ಟ್ರಿ ಕ್ರೀಮಿನ ನೀರಿನಂಶ ಕಣಕವನ್ನು ಮೆತ್ತಗೆ ಮಾಡುತ್ತದೆ.

ಹೀಗಾಗಿ ನಾಲ್ಕನ್ನೂ 30 ಗ್ರಾಂ ತಗೊಂಡೆ. ಬೆಣ್ಣೆ, ಸಕ್ಕರೆಯನ್ನು ಎಲೆಕ್ಟ್ರಿಕ್ ಬೀಟರಿನಲ್ಲಿ ಹೂವಿನ ಹಾಗೆ ಹಗುರಾಗುವ ತನಕ ಕಡೆದೆ. ಕೇಕಿಗೆ ಹಾಗೆ ತಾನೇ ಮಾಡುವುದು! ಹೂರಣವನ್ನು ಫ್ರಿಜ್ಜಿನಲ್ಲಿ ಒಂದು ಗಂಟೆ ಇಟ್ಟು, ಚಮಚದಲ್ಲಿ ತೆಗೆದು, ಸಾದಾ ಬೆಣ್ಣೆ ಕುಕಿಯ ಕಣಕದೊಳಗೆ ತುಂಬಿ ಉಂಡೆ ಮಾಡಿದೆ. 180 ಡಿಗ್ರಿಯಲ್ಲಿ ಇಟ್ಟು ಗಾಜಿನ ಮುಂದೆ ಕೂತೆ.

ಎಂಟನೇ ನಿಮಿಷಕ್ಕೆ ಉಂಡೆಗಳು ಉಬ್ಬಿದವು. ಹತ್ತನೇ ನಿಮಿಷಕ್ಕೆ ಒಂದರ ಬದಿಯಲ್ಲಿ ಸಣ್ಣ ಗೆರೆ ಕಂಡಿತು. ಅಲ್ಲಿಂದ ಹಳದಿ ನೊರೆ ಬುಸ್ ಅಂತ ಹೊರಬಂತು. ಒಂದರ ಹಿಂದೆ ಒಂದು, ಆರರಲ್ಲಿ ಐದು ಬಾಯಿ ಬಿಟ್ಟವು. ತಣ್ಣಗಾದ ಮೇಲೆ ಕತ್ತರಿಸಿದರೆ ನಡುವೆ ದೊಡ್ಡ ಗುಹೆ, ಗೋಡೆಗೆ ಮಾತ್ರ ಸ್ವಲ್ಪ ಬಾದಾಮಿ.

ತಪ್ಪು ಬೀಟರಿನದ್ದು. ಕಡೆದಾಗ ಬೆಣ್ಣೆಯೊಳಗೆ ಸೇರಿದ ಗಾಳಿ ಬಿಸಿಗೆ ಹಿಗ್ಗುತ್ತದೆ. ತೆರೆದ ಟಾರ್ಟಿನಲ್ಲಾದರೆ ಕ್ರೀಮ್ ಮೇಲೆ ಉಬ್ಬಿ ಆಮೇಲೆ ಇಳಿಯುತ್ತದೆ, ಅಲ್ಲಿ ದೊಡ್ಡ ತೊಂದರೆ ಇಲ್ಲ. ಮುಚ್ಚಿದ ಕುಕಿಯಲ್ಲಿ ಅದಕ್ಕೆ ಹೋಗಲು ಜಾಗ ಎಲ್ಲಿದೆ? ಕಣಕ ಗಟ್ಟಿಯಾಗುವ ಮೊದಲೇ ಬೆಣ್ಣೆ ಕರಗಿ, ಗಾಳಿ ತಳ್ಳಿ, ಹೂರಣ ದಾರಿ ಮಾಡಿಕೊಂಡಿತು.

ಅಲ್ಲಿಂದ ಮುಂದೆ ಹೂರಣವನ್ನು ಸ್ಪ್ಯಾಚುಲಾದಲ್ಲಿ ಬರೀ ಉಜ್ಜಿ ಕಲಸುವುದು, ಕಡೆಯುವುದಿಲ್ಲ. ಅಳತೆಯನ್ನೂ ಬದಲಿಸಿದೆ. 12 ಕುಕಿಗೆ ಬೆಣ್ಣೆ 50, ಸಕ್ಕರೆ 60, ಬಾದಾಮಿ ಪುಡಿ 85, ಮೊಟ್ಟೆ 45 ಗ್ರಾಂ. ಜೊತೆಗೆ 6 ಗ್ರಾಂ ಕಾರ್ನ್‌ಫ್ಲೋರ್, ಒಂದು ಚಿಟಿಕೆ ಉಪ್ಪು, ಎಸೆನ್ಸ್. ಬೆಣ್ಣೆ ಕಡಿಮೆಯಾದ್ದರಿಂದ ಹರಿಯುವುದು ಕಡಿಮೆ. ಬಾದಾಮಿ ಜಾಸ್ತಿಯಾದ್ದರಿಂದ ಹೂರಣಕ್ಕೆ ಮೈ ಬಂತು. ಕಾರ್ನ್‌ಫ್ಲೋರ್ ಬಿಸಿಗೆ ಗಟ್ಟಿಯಾಗಿ ಒಳಗಿನ ನೀರನ್ನು ಹಿಡಿದಿಡುತ್ತದೆ. ಮೊಟ್ಟೆಯನ್ನು ಎರಡು ಸಲಕ್ಕೆ ಹಾಕಬೇಕು, ಅದು ತಣ್ಣಗಿರಬಾರದು. ತಣ್ಣನೆ ಮೊಟ್ಟೆ ಒಮ್ಮೆಲೇ ಬಿದ್ದರೆ ಬೆಣ್ಣೆ ಒಡೆದು ಕಾಳು ಕಾಳಾಗುತ್ತದೆ. ಹಾಗಾದರೆ ಗಾಬರಿ ಬೇಡ, ಒಂದು ಚಮಚ ಬಾದಾಮಿ ಪುಡಿ ಮೊದಲೇ ಸೇರಿಸಿ ಕಲಸಿದರೆ ಕೂಡಿಕೊಳ್ಳುತ್ತದೆ.

ಎರಡನೇ ಟ್ರೇ: ಹೊರಗೆ ಹೊಂಬಣ್ಣ, ಒಳಗೆ ಹಸಿ

ಹೂರಣ ಬೇಗ ಕರಗದಿರಲಿ ಅಂತ ಈ ಸಲ 20 ಗ್ರಾಂ ಉಂಡೆ ಕಟ್ಟಿ ರಾತ್ರಿಯಿಡೀ ಫ್ರೀಜರಿನಲ್ಲಿಟ್ಟೆ. ಬೆಳಿಗ್ಗೆ ಗೋಲಿಯಂತೆ ಕಲ್ಲಾಗಿದ್ದವು. ಕಣಕದಲ್ಲಿ ಸುತ್ತಿ ಬೇಯಿಸಿದೆ. ಒಂದೂ ಒಡೆಯಲಿಲ್ಲ. ನೋಡಲು ಎಷ್ಟು ಚೆಂದ ಇದ್ದವು ಅಂದರೆ ಅಕ್ಕನನ್ನು ಕರೆದು ಬಿಸಿಯಿರುವಾಗಲೇ ಒಂದು ಕೊಟ್ಟೆ.

ಅವಳು ಒಂದು ಕಚ್ಚಿ ನಿಧಾನಕ್ಕೆ ಅಗಿದಳು. "ಮೇಲೆ ತುಂಬಾ ಚೆನ್ನಾಗಿದೆ ಕಣೇ. ನಡುವೆ ಮಾತ್ರ ತಣ್ಣಗೆ ಹಿಟ್ಟು ತಿಂದ ಹಾಗಿದೆ. ಬೆಂದಿದೆಯಾ ಇದು?"

ಬೆಂದಿರಲಿಲ್ಲ. ಇನ್ನೊಂದಕ್ಕೆ ಪ್ರೋಬ್ ಥರ್ಮಾಮೀಟರ್ ಚುಚ್ಚಿದೆ. ನಡುವೆ 48 ಡಿಗ್ರಿ. ಮೊಟ್ಟೆ ಗಟ್ಟಿಯಾಗಲು ಶುರುವಾಗುವುದೇ 60 ದಾಟಿದ ಮೇಲೆ, ಸಕ್ಕರೆ ಸೇರಿದ್ದರೆ ಇನ್ನೂ ಮೇಲೆ. ಅಂದರೆ ಅಕ್ಕನಿಗೆ ಹಸಿ ಮೊಟ್ಟೆ ತಿನ್ನಿಸಿದ್ದೆ. ಅವಳ ಕೈಯಲ್ಲಿದ್ದ ಉಳಿದ ಚೂರನ್ನು ತಕ್ಷಣ ಈಸಿಕೊಂಡೆ. ಹೂರಣದ ನಡುವೆ 80 ಡಿಗ್ರಿ ದಾಟಬೇಕು ಅಂತ ಅಂದೇ ಬರೆದಿಟ್ಟುಕೊಂಡೆ. ಆಮೇಲೆ ಆ ಸಂಖ್ಯೆ ನೋಡದೆ ಯಾರಿಗೂ ಕೊಟ್ಟಿಲ್ಲ.

ಜಾಸ್ತಿ ಹೊತ್ತು ಬೇಯಿಸಿದರೆ ಮುಗೀತಲ್ವಾ ಅನ್ನಿಸುತ್ತದೆ. ಹಾಗೆ ಮಾಡಿದೆ. ಒಳಗೆ ಬೇಯುವಷ್ಟರಲ್ಲಿ ಹೊರಗೆ ಕಣಕ ರಸ್ಕ್ ಆಯಿತು. ತೊಂದರೆ ಸಮಯದ್ದಲ್ಲ, ಆಕಾರದ್ದು. 20 ಗ್ರಾಂ ಉಂಡೆ ಸುಮಾರು 3 ಸೆಂಟಿಮೀಟರ್ ದಪ್ಪ. ಬಿಸಿ ಒಳಗೆ ಇಳಿಯುವ ಲೆಕ್ಕ ನೇರವಾಗಿಲ್ಲ. ದಪ್ಪ ಎರಡು ಪಟ್ಟಾದರೆ ನಡುವಿಗೆ ಬಿಸಿ ಮುಟ್ಟಲು ಹೆಚ್ಚುಕಡಿಮೆ ನಾಲ್ಕು ಪಟ್ಟು ಹೊತ್ತು ಬೇಕು. ಅದೇ 20 ಗ್ರಾಮನ್ನು ಚಪ್ಪಟೆ ಬಿಲ್ಲೆ ಮಾಡಿದರೆ 4.5 ಸೆಂಟಿಮೀಟರ್ ಅಗಲ, ಒಂದು ಸೆಂಟಿಮೀಟರಿಗಿಂತ ಚೂರು ದಪ್ಪ ಅಷ್ಟೇ.

ಮೂರನೇ ಟ್ರೇಯಿಂದ ಬಿಲ್ಲೆಯೇ. ಬೇಕಿಂಗ್ ಪೇಪರಿನ ಮೇಲೆ ಹೂರಣ ಇಟ್ಟು, ಒದ್ದೆ ಚಮಚದ ಬೆನ್ನಿನಿಂದ ಒತ್ತಿ, ಎರಡು ಗಂಟೆ ಫ್ರೀಜರಿನಲ್ಲಿ. ತಿನ್ನುವಾಗಲೂ ಇದರಿಂದ ಲಾಭ. ಅಂಚಿನಿಂದ ಕಚ್ಚಿದರೂ ಹೂರಣ ಬೇಗ ಸಿಗುತ್ತದೆ.

ಮೂರನೇ ಟ್ರೇ: ಬೆಣ್ಣೆ ಕಾಯಿಸಿದ್ದು

ಒಳಗಿನದ್ದು ಒಂದು ದಾರಿಗೆ ಬಂದಿತ್ತು. ಈಗ ಕಣಕ. ಕ್ರೋಸಾಂಟಿನ ಸಿಪ್ಪೆಯಲ್ಲಿ ಬೆಂದ ಬೆಣ್ಣೆಯ ಒಂದು ಆಳವಾದ ರುಚಿ ಇರುತ್ತದೆ. ಸಾದಾ ಬೆಣ್ಣೆ ಹಾಕಿದ ಕುಕಿಯಲ್ಲಿ ಅದು ಇರಲಿಲ್ಲ. ಹಾಗಾಗಿ ಬೆಣ್ಣೆಯನ್ನು ಮೊದಲೇ ಕಂದು ಬಣ್ಣಕ್ಕೆ ಕಾಯಿಸಿದೆ.

ಈ ಕೆಲಸಕ್ಕೆ ತಳ ಬಿಳಿಯಿರುವ ಅಥವಾ ಸ್ಟೀಲ್ ಪಾತ್ರೆ ತಗೊಳ್ಳಿ. ಕಪ್ಪು ಪಾತ್ರೆಯಲ್ಲಿ ಬಣ್ಣ ಕಾಣುವುದಿಲ್ಲ. 12 ಕುಕಿಯ ಲೆಕ್ಕಕ್ಕೆ ಉಪ್ಪಿಲ್ಲದ ಬೆಣ್ಣೆ 150 ಗ್ರಾಂ, ಮಧ್ಯಮ ಉರಿ. ಮೊದಲು ಕರಗುತ್ತದೆ, ಆಮೇಲೆ ಚಟಪಟ ಸದ್ದು. ಅದು ಬೆಣ್ಣೆಯೊಳಗಿನ ನೀರು ಆವಿಯಾಗುವ ಸದ್ದು. ಐದಾರು ನಿಮಿಷಕ್ಕೆ ಸದ್ದು ಇಳಿದು, ಮೇಲೆ ಸಣ್ಣ ಗುಳ್ಳೆಗಳ ದಟ್ಟ ನೊರೆ ಏರುತ್ತದೆ. ಇಲ್ಲಿಂದ ಕಣ್ಣು ತೆಗೆಯಬಾರದು. ನೊರೆ ಸರಿಸಿ ನೋಡಿದರೆ ತಳದಲ್ಲಿ ಗಸಿ ಹಳದಿಯಿಂದ ಹೊಂಬಣ್ಣಕ್ಕೆ, ಅಲ್ಲಿಂದ ಕಂದಿಗೆ ತಿರುಗುತ್ತಿರುತ್ತದೆ. ಹುರಿದ ಬೀಜದ ಘಮ ಮೂಗಿಗೆ ಬಂದ ಕೂಡಲೇ ಬೇರೆ ಬಟ್ಟಲಿಗೆ ಸುರಿಯಬೇಕು. ಒಲೆ ಆರಿಸಿ ಅಲ್ಲೇ ಬಿಟ್ಟರೆ ಪಾತ್ರೆಯ ಬಿಸಿಗೇ ಅರ್ಧ ನಿಮಿಷದಲ್ಲಿ ಕಪ್ಪಾಗುತ್ತದೆ. ತಳದ ಗಸಿಯನ್ನು ಒಂದಿಷ್ಟೂ ಬಿಡದೆ ಕೆರೆದು ಹಾಕಿ. ರುಚಿ ಇರುವುದೇ ಅದರಲ್ಲಿ. ಹಾಲಿನ ಪ್ರೋಟೀನು, ಸಕ್ಕರೆ ಸೇರಿ ಕಂದಾಗಿ ಹುಟ್ಟಿದ ರುಚಿ ಅದು.

ಕಾಯಿಸಿದ ಬೆಣ್ಣೆಯನ್ನು ಬಿಸಿಬಿಸಿಯಾಗಿ ಹಿಟ್ಟಿಗೆ ಸುರಿಯಬಾರದು. ಫ್ರಿಜ್ಜಿನಲ್ಲಿಟ್ಟು ನಡುನಡುವೆ ಕಲಕುತ್ತಾ, ಮಂಜಾಗಿ ಮುಲಾಮಿನ ಹಾಗೆ ಆಗುವ ತನಕ ಕಾದೆ. ಸುಮಾರು 40 ನಿಮಿಷ. ಆಮೇಲೆ ಸಕ್ಕರೆ, ಮೊಟ್ಟೆ, ಮೈದಾ ಸೇರಿಸಿ ಕಲಸಿದೆ.

ಕಣಕ ಮುಟ್ಟಿದಾಗಲೇ ಅನುಮಾನ ಬಂತು. ಮರಳಿನ ಹಾಗೆ ಉದುರುತ್ತಿತ್ತು. ಅದುಮಿದರೆ ಕೂಡುತ್ತದೆ, ಬಿಲ್ಲೆಯ ಸುತ್ತ ಮಡಿಸಿದರೆ ಬಿರುಕು ಬಿಡುತ್ತದೆ. ಹಾಗೇ ಬೇಯಿಸಿದೆ. ಹೂರಣ ಒಳಗೇ ನಿಂತಿತು, ಆದರೆ ಕುಕಿಯ ಮೈತುಂಬಾ ಸೀಳು.

ಕಾರಣ ತಕ್ಕಡಿಯಲ್ಲಿ ಸಿಕ್ಕಿತು. ಇನ್ನೊಂದು ಸಲ 150 ಗ್ರಾಂ ಕಾಯಿಸಿ ತೂಗಿದರೆ 124 ಗ್ರಾಂ ಮಾತ್ರ ಇತ್ತು. ಬೆಣ್ಣೆಯಲ್ಲಿ ನೂರಕ್ಕೆ ಹದಿನಾರರಷ್ಟು ನೀರು ಇರುತ್ತದೆ. ಅದೆಲ್ಲಾ ಆವಿಯಾಗಿ ಹೋಗಿದೆ. ಮೈದಾ ಹಿಡಿದುಕೊಳ್ಳಲು ನೀರೇ ಉಳಿದಿಲ್ಲ. ಹಾಗಾಗಿ ಕಣಕಕ್ಕೆ 15 ಮಿಲಿಲೀಟರ್ ಹಾಲು ಸೇರಿಸಿದೆ. ಹೋದ ನೀರಷ್ಟನ್ನೂ ವಾಪಸ್ ಕೊಡಲಿಲ್ಲ, ಕೊಟ್ಟರೆ ಕುಕಿ ಬ್ರೆಡ್ಡಿನ ಹಾಗೆ ಮೆತ್ತಗಾಗುತ್ತದೆ. ಕಲಸಿದ ಮೇಲೆ ಮುಚ್ಚಿ ಅರ್ಧ ಗಂಟೆ ಬಿಟ್ಟೆ. ಮೈದಾ ನಿಧಾನಕ್ಕೆ ಹಾಲು ಕುಡಿದು, ಕಣಕ ಜೇಡಿಮಣ್ಣಿನ ಹಾಗೆ ಮಾತು ಕೇಳುವ ಹದಕ್ಕೆ ಬಂತು. ಬೇಕಿಂಗ್ ಪೌಡರನ್ನೂ 5 ಗ್ರಾಮಿನಿಂದ 3ಕ್ಕೆ ಇಳಿಸಿದೆ. ಉಬ್ಬುವುದು ಜಾಸ್ತಿಯಾದರೆ ಬಿರುಕೂ ಜಾಸ್ತಿ.

ನಾಲ್ಕನೇ ಟ್ರೇ: ಮೇಲಿನ ಬಾದಾಮಿ ಕರಕಲು, ಪಾಕ ಜಾಸ್ತಿ

ಈ ಸಲ ಎಲ್ಲಾ ಕೂಡಿಬರುತ್ತದೆ ಅಂದುಕೊಂಡಿದ್ದೆ. ಕುಕಿಯ ಮೇಲೆ ಮೊಟ್ಟೆಯ ಬಿಳಿ ಸವರಿ, ತೆಳ್ಳನೆ ಬಾದಾಮಿ ಚೂರು ಅಂಟಿಸಿ ಓವನ್ನಿಗೆ ಇಟ್ಟೆ. ಒಳಗೆ 80 ಡಿಗ್ರಿ ಆಗುವಷ್ಟರಲ್ಲಿ ಚೂರುಗಳ ತುದಿ ಕಪ್ಪಾಗಿತ್ತು. ಕಾಗದದಷ್ಟು ತೆಳ್ಳಗಿರುವ ಬಾದಾಮಿ 18 ನಿಮಿಷ ಆ ಬಿಸಿ ತಡೆಯುವುದಿಲ್ಲ.

ಅದೇ ದಿನ ಓವನ್ನಿನೊಳಗೆ ಬೇರೆ ಥರ್ಮಾಮೀಟರ್ ಇಟ್ಟು ನೋಡಿದೆ. ಗುಂಡಿ 180ಕ್ಕೆ ತಿರುಗಿಸಿದರೆ ಒಳಗೆ 195 ಇತ್ತು. ಮನೆ ಓವನ್‌ಗಳಲ್ಲಿ ಇಷ್ಟು ಹೆಚ್ಚುಕಡಿಮೆ ಸಾಮಾನ್ಯ. ಒಂದು ಸಣ್ಣ ಓವನ್ ಥರ್ಮಾಮೀಟರ್ ಕೊಂಡು ಒಳಗೇ ನೇತುಹಾಕಿಬಿಡಿ. ಇಲ್ಲಿಂದ ಮುಂದೆ ನಾನು ಬರೆಯುವ ಓವನ್ ಡಿಗ್ರಿ ಎಲ್ಲಾ ಆ ಥರ್ಮಾಮೀಟರಿನದ್ದು, ಗುಂಡಿಯದ್ದಲ್ಲ.

ಆಮೇಲೆ ಪಾಕ. ಕ್ರೋಸಾಂಟಿಗೆ ಪಾಕ ಬೇಕು ತಾನೇ? 50 ಗ್ರಾಂ ಸಕ್ಕರೆ, 50 ಗ್ರಾಂ ನೀರು ಕುದಿಸಿ ಆರಿಸಿದ ಪಾಕವನ್ನು ಬಿಸಿ ಕುಕಿಯ ಮೇಲೆ ಬ್ರಷ್ಷಿನಲ್ಲಿ ಎರಡು ಸಲ ಸವರಿದೆ. ಕುಡಿಯಿತು, ಹೊಳೆಯಿತು. ಒಂದು ಗಂಟೆಯ ನಂತರ ಮುಟ್ಟಿದರೆ ಮೇಲ್ಭಾಗ ಅಂಟು ಅಂಟು, ಗರಿಗರಿ ಎಲ್ಲಾ ಮಾಯ. ರುಚಿ ಮಾತ್ರ ಮೊದಲ ಸಲ ಕ್ರೋಸಾಂಟಿನ ಹತ್ತಿರ ಬಂದಿತ್ತು. ಆದ್ದರಿಂದ ಪಾಕ ಬಿಡಲು ಮನಸ್ಸಿಲ್ಲ.

ಎರಡು ದಿನ ಇದೇ ಯೋಚನೆ. ಮೂರನೇ ದಿನ ಬಟ್ಟೆ ಮಡಿಸುವಾಗ ಹೊಳೆಯಿತು. ಕ್ರೋಸಾಂಟಿಗೆ ಪಾಕ ಹಾಕುವುದು ಯಾವಾಗ? ಬೆಂದಾದ ಮೇಲಲ್ಲ. ಎರಡು ಬೇಯಿಸುವಿಕೆಯ ನಡುವೆ! ಮೊದಲ ಸಲ ಬೆಂದು ಮೈ ಗಟ್ಟಿಯಾಗಿದೆ. ಪಾಕ ಕುಡಿದ ಮೇಲೆ ಮತ್ತೆ ಓವನ್ನಿನ ಬಿಸಿ ಸಿಗುತ್ತದೆ. ನೀರು ಹೋಗಿ ಸಕ್ಕರೆ ತೆಳ್ಳನೆ ಗಾಜಿನಂಥ ಪದರವಾಗಿ ಉಳಿಯುತ್ತದೆ. ಮೇಲಿನ ಬಾದಾಮಿ ಚೂರು ಓವನ್ನು ನೋಡುವುದೂ ಆ ಎರಡನೇ ಸಲ ಮಾತ್ರ. ನಾನು ಅದರ ಸಾಮಾನನ್ನೆಲ್ಲಾ ಕುಕಿಗೆ ತಂದಿದ್ದೆ, ಅದರ ಕ್ರಮವನ್ನು ತಂದಿರಲಿಲ್ಲ.

ಐದನೇ ಟ್ರೇ

ಈಗ ಪೂರ್ತಿ 12 ಕುಕಿಯ ಅಳತೆ ಹೇಳುತ್ತೇನೆ. ಹೂರಣದ್ದು ಮೇಲೆ ಬಂದಿದೆ. ಕಣಕಕ್ಕೆ 150 ಗ್ರಾಂ ಬೆಣ್ಣೆ ಕಾಯಿಸಿ ತಣಿಸಿದ್ದು, ಬಿಳಿ ಸಕ್ಕರೆ 100, ಕಂದು ಸಕ್ಕರೆ 50, ಒಂದು ಮೊಟ್ಟೆ, ಹಾಲು 15 ಮಿಲಿಲೀಟರ್, ಮೈದಾ 220, ಬೇಕಿಂಗ್ ಪೌಡರ್ 3, ಉಪ್ಪು 3 ಗ್ರಾಂ. ಸಕ್ಕರೆಯಲ್ಲಿ ಕಂದಿನ ಪಾಲು ಜಾಸ್ತಿ ಮಾಡಬೇಡಿ. ಅದರಲ್ಲಿರುವ ಕಾಕಂಬಿ ತೇವ ಹಿಡಿದಿಟ್ಟು ಕುಕಿಯನ್ನು ಮೆತ್ತಗಿಡುತ್ತದೆ. ನಮಗೆ ಹೊರಗೆ ಗರಿಗರಿ ಬೇಕು. ಮೈದಾ ಹಾಕಿದ ಮೇಲೆ ಬಿಳಿ ಪುಡಿ ಕಾಣದಾಗುವ ತನಕ ಕಲಸಿದರೆ ಸಾಕು, ನಾದಬೇಡಿ.

ತುಂಬುವುದು ಹೀಗೆ. ಒಂದು ಕುಕಿಗೆ 46 ಗ್ರಾಂ ಕಣಕ. ಅದನ್ನು 20 ಮತ್ತು 26 ಗ್ರಾಂ ಅಂತ ಎರಡು ಮಾಡಿ. ಸಣ್ಣದನ್ನು ಅಂಗೈಯಲ್ಲಿ ಒತ್ತಿ 6 ಸೆಂಟಿಮೀಟರ್ ಅಗಲ ಮಾಡಿ, ನಡುವೆ ಹೂರಣದ ಬಿಲ್ಲೆ ಇಡಿ. ದೊಡ್ಡದನ್ನು ಇನ್ನೂ ಸ್ವಲ್ಪ ಅಗಲ ಒತ್ತಿ ಟೋಪಿಯ ಹಾಗೆ ಮೇಲೆ ಹೊದಿಸಿ. ಅಂಚುಗಳನ್ನು ಚಿವುಟಿ ಕೂಡಿಸಿ, ಕೂಡಿದ ಗೆರೆಯನ್ನು ಬೆರಳಿನಿಂದ ಸವರಿ ಅಳಿಸಿಬಿಡಿ. ಆಮೇಲೆ ಟೇಬಲ್ ಮೇಲಿಟ್ಟು ಎರಡೂ ಅಂಗೈಯಲ್ಲಿ ಸುತ್ತ ತಿರುಗಿಸಿದರೆ ಗುಂಡಗೆ ಬರುತ್ತದೆ.

ಇದರಲ್ಲಿ ಒಂದು ಸೂಕ್ಷ್ಮ ಇದೆ. ಫ್ರೀಜರಿನಿಂದ ಹೊರಬಂದ ಬಿಲ್ಲೆ ಎರಡು ಮೂರು ನಿಮಿಷಕ್ಕೆ ಬೆವರುತ್ತದೆ. ಗಾಳಿಯ ತೇವ ಅದರ ಮೇಲೆ ಹನಿಯಾಗಿ ಕೂರುತ್ತದೆ. ಆ ಹನಿ ಕಣಕದ ಅಂಚಿಗೆ ತಾಗಿದರೆ ಅಂಚು ಕೂಡುವುದಿಲ್ಲ, ಜಾರುತ್ತದೆ. ಬೇಯುವಾಗ ಬಾಯಿ ಬಿಡುವುದು ಅಲ್ಲೇ. ಹಾಗಾಗಿ ಒಂದು ಸಲಕ್ಕೆ ಮೂರೋ ನಾಲ್ಕೋ ಬಿಲ್ಲೆ ಮಾತ್ರ ಹೊರತೆಗೆಯಿರಿ. ಕಣಕದ ಚೂರುಗಳನ್ನು ಮೊದಲೇ ತೂಗಿ ಇಟ್ಟುಕೊಂಡಿದ್ದರೆ ಕೈ ಓಡುತ್ತದೆ. ತುಂಬಿ ಆದ ಮೇಲೆ ಎಲ್ಲವನ್ನೂ 15 ನಿಮಿಷ ಫ್ರೀಜರಿನಲ್ಲಿಡಿ. ಕೈಯ ಬಿಸಿಗೆ ಕರಗಿದ ಬೆಣ್ಣೆ ಮತ್ತೆ ಗಟ್ಟಿಯಾಗುತ್ತದೆ, ಟ್ರೇಯಲ್ಲಿ ಕುಕಿ ಹರಡುವುದಿಲ್ಲ.

ಓವನ್ 170 ಡಿಗ್ರಿ, ನಡುವಿನ ಅಂತಸ್ತು, ಕುಕಿಗಳ ನಡುವೆ ನಾಲ್ಕು ಬೆರಳಷ್ಟು ಜಾಗ. ಮೊದಲ ಸಲ 12 ನಿಮಿಷ, ಮೇಲೆ ಏನೂ ಹಾಕದೆ. ಅಷ್ಟರೊಳಗೆ 40 ಗ್ರಾಂ ಬಾದಾಮಿ ಚೂರಿಗೆ ಎರಡು ದೊಡ್ಡ ಚಮಚ ಪಾಕ ಹಾಕಿ ಹಗುರವಾಗಿ ಕಲಸಿಡಿ. ಚೂರೆಲ್ಲಾ ಒದ್ದೆಯಾಗಬೇಕು, ತಳದಲ್ಲಿ ಪಾಕ ನಿಲ್ಲಬಾರದು. 12 ನಿಮಿಷಕ್ಕೆ ಕುಕಿಯ ಅಂಚು ಬಣ್ಣ ತಿರುಗಲು ಶುರುವಾಗಿರುತ್ತದೆ, ಮೇಲ್ಭಾಗ ಇನ್ನೂ ಮೆತ್ತಗಿರುತ್ತದೆ. ಟ್ರೇ ಹೊರತೆಗೆದು ಓವನ್ ಬಾಗಿಲು ಮುಚ್ಚಿ. ಒಂದೊಂದರ ಮೇಲೂ ಒಂದೇ ಸಲ ಪಾಕ ಸವರಿ, ಚೂರುಗಳನ್ನು ಹರಡಿ, ಚಮಚದ ಬೆನ್ನಿನಿಂದ ಮೆಲ್ಲಗೆ ಒತ್ತಿ. ಜೋರಾಗಿ ಒತ್ತಿದರೆ ಹೂರಣ ಚಿಮ್ಮುತ್ತದೆ. ಮತ್ತೆ ಒಳಗೆ 6ರಿಂದ 7 ನಿಮಿಷ.

ಆ ಎರಡನೇ ಸಲದ ಐದನೇ ನಿಮಿಷಕ್ಕೆ ಮನೆಯೆಲ್ಲಾ ಘಮ ಹರಡಿತು. ಗಾಜಿನೊಳಗೆ ನೋಡಿದೆ. ಪಾಕ ಸಣ್ಣಗೆ ಗುಳ್ಳೆ ಏಳುತ್ತಿತ್ತು. ಚೂರುಗಳ ಅಂಚು ಹೊಂಬಣ್ಣಕ್ಕೆ ತಿರುಗಿ ತುಸು ಮೇಲಕ್ಕೆ ಮಡಿಸಿಕೊಂಡಿದ್ದವು. ಕೆಲವು ಕಡೆ ಪಾಕ ಬದಿಯಲ್ಲಿ ಇಳಿದು ಟ್ರೇಗೆ ತಾಗಿ, ಕುಕಿಯ ಸುತ್ತ ತೆಳ್ಳನೆ ಕಂದು ಅಂಚು ಕಟ್ಟಿತ್ತು. ನಾನು ಹುಡುಕುತ್ತಿದ್ದದ್ದು ಅದೇ ಅಂಚು. ಥರ್ಮಾಮೀಟರ್ ಚುಚ್ಚಿದೆ, 83 ಡಿಗ್ರಿ.

ಹೊರತೆಗೆದ ಕೂಡಲೇ ಕುಕಿ ಎತ್ತಲು ಹೋಗಬೇಡಿ. ಬಿಸಿಯಲ್ಲಿ ಮೈ ಮೆತ್ತಗಿರುತ್ತದೆ, ಎತ್ತಿದರೆ ನಡುವೆ ಬಳುಕಿ ಮುರಿಯುತ್ತದೆ. ಟ್ರೇಯಲ್ಲೇ ಹತ್ತು ನಿಮಿಷ, ಆಮೇಲೆ ಜಾಲರಿಯ ಮೇಲೆ. ಪುಡಿ ಸಕ್ಕರೆಯನ್ನು ಪೂರ್ತಿ ತಣ್ಣಗಾದ ಮೇಲೆಯೇ ಉದುರಿಸಿ. ಉಗುರು ಬೆಚ್ಚಗಿದ್ದರೂ ಸಕ್ಕರೆ ಕರಗಿ ಕಲೆಯಾಗುತ್ತದೆ. ಚಹಾ ಜಾಲರಿಯಲ್ಲಿ ತುಂಬಿ ಅಂಚಿನ ಕಡೆ ಮಾತ್ರ ತಟ್ಟಿದರೆ, ನಡುವಿನ ಬಾದಾಮಿಯ ಹೊಳಪು ಮುಚ್ಚಿಹೋಗುವುದಿಲ್ಲ.

ಅಕ್ಕನಿಗೆ ಈ ಸಲ ತಣ್ಣಗಾದ ಮೇಲೆ, ನಡುವೆ ಕತ್ತರಿಸಿ ಒಳಗೆ ತೋರಿಸಿ ಕೊಟ್ಟೆ. ಹೊರಗೆ ಕಂದು ಗೆರೆ, ಒಳಗೆ ಕೆನೆ ಬಣ್ಣದ ಹೂರಣ, ಟೊಳ್ಳಿಲ್ಲ. ಕಚ್ಚಿದಾಗ ಸದ್ದು ನನಗೂ ಕೇಳಿಸಿತು. ಅವಳು ಏನೂ ಹೇಳದೆ ಇನ್ನರ್ಧವನ್ನೂ ತಗೊಂಡಳು. ಆಮೇಲೆ "ಒಳಗಡೆ ಇನ್ನೂ ಸ್ವಲ್ಪ ಉಪ್ಪು ಬೇಕು ಕಣೇ" ಅಂದಳು. ಅವಳು ಹೇಳಿದ್ದು ಸರಿ. ಹೂರಣಕ್ಕೆ ಚಿಟಿಕೆಯ ಬದಲು ಈಗ ಒಂದು ಗ್ರಾಂ ಉಪ್ಪು ಹಾಕುತ್ತೇನೆ.

ಇಡುವ ವಿಷಯ ಎರಡು ಮಾತು. ಗಾಳಿಯಾಡದ ಡಬ್ಬದಲ್ಲಿಟ್ಟರೆ ಹೂರಣದ ತೇವ ಕಣಕಕ್ಕೆ ಇಳಿದು ಮರುದಿನ ಗರಿಗರಿ ಕಡಿಮೆಯಾಗುತ್ತದೆ. 160 ಡಿಗ್ರಿಯಲ್ಲಿ ಐದು ನಿಮಿಷ ಬಿಸಿ ಮಾಡಿ, ಆರಲು ಬಿಟ್ಟರೆ ಮತ್ತೆ ಬರುತ್ತದೆ. ಮೈಕ್ರೋವೇವ್ ಬೇಡ, ಅದು ಇನ್ನಷ್ಟು ಮೆತ್ತಗೆ ಮಾಡುತ್ತದೆ. ಅದಕ್ಕಿಂತ ಒಳ್ಳೆಯದು ಬೇಯಿಸದೆ ಇಡುವುದು. ತುಂಬಿ ಸಿದ್ಧವಾದ ಕುಕಿಗಳನ್ನು ಬಿಡಿಬಿಡಿಯಾಗಿ ಗಟ್ಟಿ ಮಾಡಿ, ಚೀಲಕ್ಕೆ ಹಾಕಿ ಫ್ರೀಜರಿನಲ್ಲಿಟ್ಟೆ. ಕರಗಿಸದೆ ನೇರ ಓವನ್ನಿಗೆ ಇಟ್ಟರೆ ಮೊದಲ ಸಲಕ್ಕೆ 12ರ ಬದಲು 16 ನಿಮಿಷ ಬೇಕಾಯಿತು. ಆಮೇಲಿನ ಪಾಕ, ಬಾದಾಮಿ, ಏಳು ನಿಮಿಷ ಹಾಗೆಯೇ. ಈಗ ಚೀಲದಲ್ಲಿ ಇನ್ನು ನಾಲ್ಕು ಉಳಿದಿವೆ, ಫ್ರಿಜ್ಜಿನಲ್ಲಿ ಅರ್ಧ ಶೀಶೆ ಪಾಕ ಇದೆ.